ಇಸಿಯಲ್ಲಿ ಸಿಗದ ಹೆಸರು

2022ರಲ್ಲಿ ತುಮಕೂರಿನಲ್ಲಿ ಒಂದು ಮನೆ ನೋಡಿದೆವು. 30ಕ್ಕೆ 40ರ ಸೈಟು, ಒಳಗೆ ಒಳ್ಳೆ ಗಾಳಿ ಬೆಳಕು. ಅಡುಗೆಮನೆ ನೋಡಿದ ಕೂಡಲೇ ನನ್ನ ಹೆಂಡತಿಗೆ ಮನಸ್ಸು ಕೂತುಬಿಟ್ಟಿತು. ಮಾರುವವರು ಒಂದು ಫೈಲು ಕೊಟ್ಟರು. ಅದರಲ್ಲಿ ಕ್ರಯಪತ್ರದ ಜೆರಾಕ್ಸು, ಖಾತೆ, ಕಂದಾಯದ ರಸೀದಿಗಳು, ಒಂದು ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಕೊಡುವ ಋಣಭಾರ ಪ್ರಮಾಣಪತ್ರ. "ಎಲ್ಲಾ ಕ್ಲಿಯರ್ ಇದೆ ಸಾರ್" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಆ ಇಸಿ 2004ರ ಏಪ್ರಿಲ್ 1ರಿಂದ ಈಚೆಗಿನದು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆಗ ಸಿಗುತ್ತಿದ್ದದ್ದು ಅಲ್ಲಿಂದ ಈಚೆಗೆ ಮಾತ್ರ. 2006ರಲ್ಲಿ ಇವರು ಸೈಟು ಕೊಂಡದ್ದು, 2011ರಲ್ಲಿ ಬ್ಯಾಂಕಿಗೆ ಅಡ ಇಟ್ಟದ್ದು, ಆಮೇಲೆ ಸಾಲ ತೀರಿದ್ದು, ಮೂರೇ ದಾಖಲೆ. ನನಗೆ ಸಮಾಧಾನವಾಗಿತ್ತು. ಆದರೆ ವಕೀಲರು ಅದನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: "2006ರಲ್ಲಿ ಮಾರಿದರಲ್ಲ, ಅವರಿಗೆ ಈ ಜಾಗ ಬಂದದ್ದು ಎಲ್ಲಿಂದ?"

ಅಲ್ಲಿಂದ ಹಿಂದಕ್ಕೆ ಹೊರಟೆ. 2004ಕ್ಕೆ ಮುಂಚಿನ ಇಸಿಗೆ ಆಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಅರ್ಜಿ ಕೊಡಬೇಕಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. ಸೈಟ್ ನಂಬರ್ ಮಾತ್ರ ಕೊಟ್ಟು ಹುಡುಕಿಸಿದರೆ ಲೇಔಟ್ ಆಗುವ ಮುಂಚಿನ ವ್ಯವಹಾರ ಕಾಣುವುದಿಲ್ಲ. ಆಗ ಅದು ಜಮೀನು, ಅದಕ್ಕಿದ್ದದ್ದು ಸರ್ವೆ ನಂಬರ್. ಹಾಗಾಗಿ ಸರ್ವೆ ನಂಬರಿನ ಮೇಲೆ ಬೇರೆಯೇ ಇಸಿ ತೆಗೆಸಿದೆ. ಎಲ್ಲರೂ 30 ವರ್ಷ ನೋಡಿ ಅಂತಾರೆ. ಅದು ಸುಮ್ನೆ ಹುಟ್ಟಿದ ಲೆಕ್ಕ ಅಲ್ಲ. ಸರ್ಕಾರ ತನ್ನ ಜಾಗಕ್ಕೆ ದಾವೆ ಹೂಡಲು, ಅಡ ಇಟ್ಟವರು ಬಿಡಿಸಿಕೊಳ್ಳಲು ಕಾಲಮಿತಿ ಕಾಯ್ದೆ ಕೊಡುವ ಅವಧಿ 30 ವರ್ಷ. ನಾವು ಅದಕ್ಕೂ ಹಿಂದೆ ಹೋದೆವು, 1974ರವರೆಗೆ.

1974ರಲ್ಲಿ ಒಬ್ಬ ರೈತರು ಒಂದು ಎಕರೆ ಕೊಂಡಿದ್ದರು. 1996ರಲ್ಲಿ ತೀರಿಕೊಂಡರು, ವಿಲ್ ಬರೆದಿರಲಿಲ್ಲ. 2001ರಲ್ಲಿ ಇಬ್ಬರು ಗಂಡುಮಕ್ಕಳು ವಿಭಾಗಪತ್ರ ನೋಂದಾಯಿಸಿ ಹಂಚಿಕೊಂಡರು. ಕಿರಿಯವರು ತಮ್ಮ ಪಾಲನ್ನು ಭೂಪರಿವರ್ತನೆ ಮಾಡಿಸಿ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ ಪಡೆದು, ಸೈಟು ಮಾಡಿ ಮಾರಿದರು. ವಿಭಾಗಪತ್ರದ ದೃಢೀಕೃತ ನಕಲು ತಂದು ಓದಿದೆ. ಎರಡನೇ ಪುಟದಲ್ಲಿ "ತಂದೆಯವರಿಗೆ ನಾವಿಬ್ಬರೇ ವಾರಸುದಾರರು" ಅಂತಿತ್ತು. ತಾಯಿ ಮೊದಲೇ ಹೋಗಿದ್ದರು. ಸರಿ ಇದೆ ಅನ್ನಿಸಿತು.

ಆದರೂ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ 1997ರ ಪೌತಿ ಖಾತೆಯ ಮ್ಯುಟೇಶನ್ ಕಾಗದ, ಅಂದರೆ ತಂದೆ ತೀರಿಕೊಂಡ ಮೇಲೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿದ ಕಾಗದ ತೆಗೆಸಿದೆ. ಅಂಚು ಹರಿದ ಹಾಳೆ. ಅದರ ಜೊತೆ ಕೈಯಲ್ಲಿ ಬರೆದ ವಂಶವೃಕ್ಷ ಇತ್ತು. ತಂದೆಯ ಹೆಸರಿನ ಕೆಳಗೆ ಎರಡಲ್ಲ, ಮೂರು ಗೆರೆ. ಮೂರನೆಯದರ ತುದಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಪಕ್ಕದಲ್ಲಿ "ಮದುವೆಯಾಗಿದೆ".

ಬ್ರೋಕರ್ ಧೈರ್ಯ ಹೇಳಿದರು: 2004ರ ಡಿಸೆಂಬರ್ 20ಕ್ಕೆ ಮುಂಚೆ ಪಾಲಾಗಿದ್ದರೆ ಹೆಣ್ಣುಮಕ್ಕಳು ಕೇಳುವ ಹಾಗಿಲ್ಲ. ಈ ಮಾತು ತುಂಬಾ ಜನ ಹೇಳುತ್ತಾರೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ಆ ತಾರೀಖು ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಪಟ್ಟದ್ದು. ಇದು ತಂದೆ ಸ್ವಂತ ದುಡ್ಡಲ್ಲಿ ಕೊಂಡ ಜಮೀನು. ವಿಲ್ ಇಲ್ಲದೆ ತೀರಿಕೊಂಡರೆ ಮಗ, ಮಗಳಿಗೆ ಸಮಪಾಲು ಅನ್ನುವುದು 1956ರ ಮೂಲ ಕಾಯ್ದೆಯಲ್ಲೇ ಇದೆ. ಮದುವೆಯಾಗಿದ್ದರೂ ಅಷ್ಟೇ. ಅಂದರೆ ನಾವು ಕೊಳ್ಳಲು ಹೊರಟ ಜಾಗದಲ್ಲಿ ಅವರಿಗೆ ಮೂರನೇ ಒಂದು ಪಾಲು. ಇಸಿ ಇದನ್ನು ಎಂದೂ ತೋರಿಸುವುದಿಲ್ಲ. ಅದರಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ಅವರು ಯಾವ ಪತ್ರಕ್ಕೂ ಸಹಿ ಹಾಕಿಯೇ ಇರಲಿಲ್ಲ.

ಮನೆ ಬಿಟ್ಟುಬಿಡೋಣ ಅಂದುಕೊಂಡೆ. ಮಾರುವವರೇ ಓಡಾಡಿ ಶಿರಾ ಹತ್ತಿರ ಇದ್ದ ಆ ಅಕ್ಕನನ್ನು ಹುಡುಕಿದರು. ನಾನೂ ಜೊತೆಗೆ ಹೋದೆ. ವಂಶವೃಕ್ಷದ ಜೆರಾಕ್ಸನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಇದು ಅಪ್ಪನ ಜಮೀನಿನ ಕಾಗದಾನಾ? ನನ್ನನ್ನ ಯಾರೂ ಕೇಳ್ಲೇ ಇಲ್ಲ ಕಣಪ್ಪ" ಅಂದರು. ಜಗಳದ ದನಿ ಇರಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಅಲ್ಲಿಯವರೆಗೆ ನಾನು ಅವರನ್ನು ಕಾಗದದಲ್ಲಿನ ಒಂದು ತೊಡಕು ಅಂತಲೇ ನೋಡಿದ್ದೆ. ನ್ಯಾಯವಾಗಿ ಅವರಿಗೆ ಬರಬೇಕಾದ್ದು ಅದು, ಅಲ್ವಾ?

ನಾಲ್ಕು ತಿಂಗಳು ಹಿಡಿಯಿತು. ಈ ಸೈಟಿನ ಮಟ್ಟಿಗೆ, ಸೈಟು ಮಾಡಿ ಮಾರಿದ್ದ ಕಿರಿಯ ತಮ್ಮನೇ ಅಕ್ಕನಿಗೆ ಪಾಲಿನ ಹಣ ಕೊಟ್ಟರು. ಚೆಕ್ಕಿನಲ್ಲೇ ಕೊಡಬೇಕು, ಆ ನಂಬರು ನಮ್ಮ ಕ್ರಯಪತ್ರದಲ್ಲಿ ಬರಬೇಕು ಅಂತ ವಕೀಲರು ಪಟ್ಟು ಹಿಡಿದರು. ಅಕ್ಕ ಸಾಕ್ಷಿಯಾಗಿ ಸಹಿ ಹಾಕಿದರೆ ಸಾಲದು, ಬರೆದುಕೊಡುವವರಲ್ಲಿ ಒಬ್ಬರಾಗಿ ಹಾಕಬೇಕು ಅಂದರು. ಹಾಗೇ ಆಯಿತು.

ಉಳಿದದ್ದರಲ್ಲಿ ಜಾಸ್ತಿ ತೊಂದರೆ ಇರಲಿಲ್ಲ. ಪರಿವರ್ತನೆ ಆದೇಶ, ಲೇಔಟ್ ನಕ್ಷೆ ನೋಡಿದೆವು. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಎಲ್ಲರ ಹೆಸರು ಹಾಕಿ ದಾವೆ ಇದೆಯಾ ಹುಡುಕಿದೆವು. ಟೇಪು ಹಿಡಿದು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಾಳೆ ನೋಡಿದೆವು. ಮೂಲ ಪತ್ರಗಳನ್ನು ಜೆರಾಕ್ಸಿನಲ್ಲಲ್ಲ, ಕೈಯಲ್ಲಿ ಹಿಡಿದು ನೋಡಿದೆವು. ಮೂಲ ಪತ್ರ ಎಲ್ಲೋ ಸಾಲಕ್ಕೆ ಇಟ್ಟಿದ್ದು ನೋಂದಣಿ ಆಗಿರದಿದ್ದರೆ ಅದೂ ಇಸಿಯಲ್ಲಿ ಬರುವುದಿಲ್ಲ. ಖಾತೆ ಇದ್ದಮಾತ್ರಕ್ಕೆ ಮಾಲೀಕತ್ವ ಬಂತು ಅಂದುಕೊಳ್ಳಬೇಡಿ, ಅದು ಕಂದಾಯದ ಲೆಕ್ಕ.

ನೋಂದಣಿಯ ದಿನ ಅಕ್ಕ ಮಗನ ಜೊತೆ ಬೆಳಿಗ್ಗೆಯೇ ಬಂದು ಕೂತಿದ್ದರು. ಕ್ಯಾಮೆರಾ ಮುಂದೆ ಸೆರಗು ಸರಿಮಾಡಿಕೊಂಡು ಫೋಟೋ ತೆಗೆಸಿಕೊಂಡರು, ಹೆಬ್ಬೆಟ್ಟು ಕೊಟ್ಟರು. ಆಮೇಲೆ ಹೊಸ ಇಸಿ ತೆಗೆಸಿದೆ. ಬರೆದುಕೊಟ್ಟವರ ಕಾಲಂನಲ್ಲಿ ಅವರ ಹೆಸರಿತ್ತು. ಒಂದು ಪ್ರತಿ ಶಿರಾಕ್ಕೆ ಕಳಿಸಿದೆ.