ಹದಿನೈದು ಕಂಠ, ಒಂದು ಶ್ರುತಿಪೆಟ್ಟಿಗೆ: ಬಾಖ್‌ನ ಮೋಟೆಟ್ ಹಾಡಿಸಿದ ನನ್ನ ಅನುಭವ

ಜರ್ಮನ್ ಸಂಗೀತಕಾರ ಬಾಖ್‌ನ ‘ಯೇಸು, ಮೈನೆ ಫ್ರಾಯ್ಡೆ’ ಮೋಟೆಟನ್ನು, ಅಂದರೆ ಹಲವು ದನಿಗಳ ಭಕ್ತಿ ವೃಂದಗಾನವನ್ನು, ಹದಿನೈದೇ ಮಂದಿಯಿಂದ ಹಾಡಿಸಿ, ಅದರ ಮೊದಲ ಮತ್ತು ಕೊನೆಯ ಭಾಗಗಳಲ್ಲಿ ಸಭಿಕರನ್ನೂ ಹಾಡಿಗೆ ಸೇರಿಸಿಕೊಳ್ಳುತ್ತೇನೆಂದು ನಾನು ಹೇಳಿದಾಗ ನಮ್ಮ ವೃಂದದ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ಮೂವತ್ತು ವರ್ಷಗಳಿಂದ ಬಾಸ್ (ಅತಿ ಕೆಳಗಿನ ಗಂಡುದನಿ) ಹಾಡುತ್ತಿರುವ ಹಿರಿಯರೊಬ್ಬರು, ಸಭಿಕರು ಬಾಯಿ ತೆರೆದರೆ ಬಾಖ್ ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದರು. ಆ ಕಛೇರಿ ಈ ವರ್ಷ ಈಸ್ಟರ್ ಆದ ಮರುವಾರ ನಡೆಯಿತು, ಚೆನ್ನಾಗಿಯೇ ನಡೆಯಿತು. ಇಂಥ ವೃಂದಗಳನ್ನು ನಡೆಸುತ್ತಿರುವ ಕನ್ನಡಿಗರು ಇಲ್ಲಿ ಜರ್ಮನಿಯಲ್ಲಿಯೂ ನಮ್ಮ ನಾಡಿನಲ್ಲಿಯೂ ಇರುವುದರಿಂದ, ಅಲ್ಲಿಗೆ ತಲುಪಿದ ದಾರಿಯನ್ನು ಬರೆದಿಡುತ್ತಿದ್ದೇನೆ.

ನಮ್ಮದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಸಣ್ಣ ಊರು. ವೃಂದದಲ್ಲಿ 34 ಮಂದಿ ಇದ್ದಾರೆ, ಎಲ್ಲರೂ ಹವ್ಯಾಸಿಗಳು. ಬಾಖ್ ಬಾಳಿದ ಸೀಮೆಯಲ್ಲಿ ಬಾಖ್‌ನನ್ನು ಹಾಡುವುದು ಸುಲಭವೆಂದು ದೂರದಲ್ಲಿರುವವರಿಗೆ ತೋರಬಹುದು. ಆದರೆ ಹಿಂದಿನ ಪೂರ್ವ ಜರ್ಮನಿಯ ಈ ಭಾಗದಲ್ಲಿ ಹೆಚ್ಚಿನವರು ಇಂದು ಯಾವ ಚರ್ಚಿಗೂ ಸೇರಿದವರಲ್ಲ. ಬಾಖ್‌ನ ಕಾಲದ ಕೇಳುಗರಿಗೆ ಕೊರಾಲ್‌ಗಳ, ಅಂದರೆ ಚರ್ಚಿನಲ್ಲಿ ಸಭೆ ಹಾಡುವ ಸ್ತುತಿಗೀತೆಗಳ, ಧಾಟಿ ಬಾಯಿಪಾಠವಾಗಿತ್ತು. ನನ್ನ ಕೇಳುಗರಲ್ಲಿ ಅರ್ಧದಷ್ಟು ಮಂದಿಗೆ ಅದರ ಮೊದಲ ಸಾಲೂ ತಿಳಿಯದು.

ಮೊದಲ ಪ್ರಯತ್ನದಲ್ಲಿ 34 ಮಂದಿಯನ್ನೂ ನಿಲ್ಲಿಸಿದೆ. ಅದೇ ಸಂಜೆ ಬಾಖ್‌ನದೇ ‘ಕ್ರಿಸ್ಟ್ ಲಾಗ್ ಇನ್ ಟೋಡೆಸ್ ಬಾಂಡೆನ್’ ಕ್ಯಾಂಟಾಟಾ (ವಾದ್ಯಗಳೊಂದಿಗೆ ಹಾಡುವ ಹಲವು ಭಾಗಗಳ ಕೃತಿ) ಕೂಡ ಇತ್ತು. ಅಷ್ಟು ಕಂಠಗಳಿಗೆ ಸರಿದೂಗಲು ತಂತಿವಾದ್ಯಗಳನ್ನು ದುಪ್ಪಟ್ಟು ಮಾಡಬೇಕಾಯಿತು. ಹದಿನಾಲ್ಕು ವಾದಕರಿಗೆ ತಲಾ ಸುಮಾರು 300 ಯೂರೋ, ಪೆಟ್ಟಿಗೆ ಆರ್ಗನ್ನಿನ ಬಾಡಿಗೆ, ಚರ್ಚಿನ ಹೀಟರ್ ಖರ್ಚು ಎಲ್ಲ ಸೇರಿ 4,800 ಯೂರೋ ಆಸುಪಾಸು ತಗಲಿತು. ಟಿಕೆಟ್ ಕೊಂಡು ಬಂದವರು ನೂರಹತ್ತು ಮಂದಿ, ಅವರಲ್ಲಿ ಮೂವತ್ತು ಮಂದಿ ಮಧ್ಯಂತರದಲ್ಲೇ ಎದ್ದು ಹೋದರು. ಕೈಬಿಟ್ಟ ಹಣ 2,800ರಷ್ಟು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಶ್ರುತಿ. ಮೋಟೆಟನ್ನು ಪಕ್ಕವಾದ್ಯವಿಲ್ಲದೆ ಹಾಡಿದ್ದೆವು. ಕೊನೆಯದಾದ ಹನ್ನೊಂದನೆಯ ಭಾಗ ಮುಗಿಯುವಾಗ ಆರ್ಗನ್ ಮುಟ್ಟಿ ನೋಡಿದರೆ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿಳಿದಿದ್ದೆವು.

ಎರಡನೆಯ ಪ್ರಯತ್ನದಲ್ಲಿ ಪದಗಳ ಅರ್ಥ ತಲುಪಲೆಂದು ಪರದೆ ಹಾಕಿ ಸಾಹಿತ್ಯ ತೋರಿಸಿದೆ. ಜನರು ಪರದೆಯನ್ನೇ ಓದುತ್ತ ಕುಳಿತರು, ಹಾಡುವವರ ಮುಖವನ್ನು ಯಾರೂ ನೋಡಲಿಲ್ಲ. ಅದೇ ಬಾರಿ 415ರ ಶ್ರುತಿಗೆ (‘ಎ’ ಸ್ವರಕ್ಕೆ ಇಂದಿನ 440 ಹರ್ಟ್ಸ್ ಬದಲು ಹಳೆಯ ಸಂಗೀತಕ್ಕೆ ಬಳಸುವ 415 ಹರ್ಟ್ಸ್) ಇಳಿದದ್ದು ನಿರ್ಧಾರವಾಗಿ ಸರಿಯಿತ್ತು, ಮಾಡಿದ ರೀತಿ ಮಾತ್ರ ತಪ್ಪಿತ್ತು. ಕೊನೆಯ ವಾರದವರೆಗೂ 440ರ ಪಿಯಾನೋ ಇಟ್ಟು ಅಭ್ಯಾಸ ಮಾಡಿಸಿ, ಕಛೇರಿಯ ಹಿಂದಿನ ದಿನ ಅರ್ಧ ಸ್ವರ ಇಳಿಸಿದರೆ ಕಂಠ ಒಪ್ಪುವುದಿಲ್ಲ. ಸಾಲದ್ದಕ್ಕೆ ಹೀಟರಿನ ಬಿಸಿಗಾಳಿಗೆ ವಾದ್ಯಗಳಿಗೆ ಕಟ್ಟಿದ ಪ್ರಾಣಿಕರುಳಿನ ತಂತಿಗಳು ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಜಾರುತ್ತಿದ್ದವು. ಈಗ ಕಛೇರಿಗೆ ಅರ್ಧ ಗಂಟೆ ಮೊದಲೇ ಹೀಟರ್ ಆರಿಸುತ್ತೇವೆ.

ಬಾಖ್‌ನ ಕೃತಿಗಳಲ್ಲಿ ಒಂದೊಂದು ದನಿಯನ್ನು, ಅಂದರೆ ಸೊಪ್ರಾನೊ, ಬಾಸ್‌ನಂಥ ಒಂದೊಂದು ಪಾಲನ್ನು, ಎಷ್ಟು ಮಂದಿ ಹಾಡಬೇಕೆಂಬ ವಾದ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವುದೇ. 1981ರಲ್ಲಿ ಅಮೆರಿಕದ ಸಂಗೀತ ವಿದ್ವಾಂಸ ಜೋಶುವಾ ರಿಫ್ಕಿನ್ ಒಂದು ದನಿಗೆ ಒಬ್ಬರೇ ಎಂದು ಹೇಳಿದಂದಿನಿಂದ ಅದು ನಡೆದೇ ಇದೆ, ನಾನು ಅದಕ್ಕೆ ಏನನ್ನೂ ಸೇರಿಸಲಾರೆ. ನನಗೆ ದಾರಿ ತೋರಿದ್ದು 1730ರ ಆಗಸ್ಟ್ 23ರಂದು ಬಾಖ್ ಲೈಪ್‌ಝಿಗ್ ನಗರಸಭೆಗೆ ಕೊಟ್ಟ ಮನವಿ. ಒಂದೊಂದು ದನಿಗೆ ಕನಿಷ್ಠ ಮೂವರು ಬೇಕು, ಒಬ್ಬರು ಕಾಯಿಲೆ ಬಿದ್ದರೂ ಎರಡು ಗುಂಪಿನ ಮೋಟೆಟ್ ಹಾಡಲು ಸಾಧ್ಯವಾಗಬೇಕು ಎಂಬುದು ಅದರಲ್ಲಿದೆ. ವೃಂದ ನಡೆಸುವವನ ಕಷ್ಟವನ್ನು ಇಷ್ಟು ನೇರವಾಗಿ ಹೇಳಿದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ. ಮೋಟೆಟಿಗೆ ಐದು ದನಿ, ದನಿಗೆ ಮೂವರು, ಒಟ್ಟು ಹದಿನೈದು. ಕಛೇರಿಗೆ ಮೂರು ದಿನ ಇರುವಾಗ ಆಲ್ಟೊ (ಕೆಳಗಿನ ಹೆಣ್ಣುದನಿ) ಹಾಡುವವರೊಬ್ಬರು ಜ್ವರದಿಂದ ಮಲಗಿದರು, ಕಛೇರಿ ನಿಲ್ಲಲಿಲ್ಲ.

ಶ್ರುತಿಯ ಸಮಸ್ಯೆಗೆ ಉತ್ತರ ನನ್ನ ಮನೆಯ ಕಪಾಟಿನಲ್ಲೇ ಇತ್ತು. ಬಾಲ್ಯದಲ್ಲಿ ಸಂಗೀತ ಪಾಠಕ್ಕೆ ಹೋಗುತ್ತಿದ್ದ ನಾನು ಬೆಂಗಳೂರಿನಿಂದ ತಂದಿಟ್ಟುಕೊಂಡಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಅದು. ಪಿಯಾನೋವನ್ನು ಕೋಣೆಯಿಂದಲೇ ಹೊರಗಿಟ್ಟೆ. ಮೋಟೆಟಿನ ಆಧಾರ ಸ್ವರ ‘ಇ’ಯನ್ನು 415ರ ಲೆಕ್ಕಕ್ಕೆ ಹೊಂದಿಸಿ, ಪ್ರತಿ ಅಭ್ಯಾಸದ ಮೊದಲ ಹನ್ನೆರಡು ನಿಮಿಷ ಪೆಟ್ಟಿಗೆಯ ನಾದದ ಮೇಲೆ ಬರೀ ಪಂಚಮ, ಆಮೇಲೆ ಗಾಂಧಾರ ಹಿಡಿಸಿದೆ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಪಿಯಾನೋದ ಗಾಂಧಾರಕ್ಕಿಂತ ಅರ್ಧ ಸ್ವರದ ಏಳರಲ್ಲೊಂದು ಪಾಲಿನಷ್ಟು ಕೆಳಗಿರುತ್ತದೆ. ಪಿಯಾನೋಗೆ ಒಗ್ಗಿದ ಕಿವಿ ಮೊದಲ ಎರಡು ವಾರ ಇದನ್ನು ಅಪಶ್ರುತಿ ಎಂದೇ ಕೇಳಿತು. ಮೂರನೆಯ ವಾರದ ಒಂದು ಸಂಜೆ ಮೊದಲ ಕೊರಾಲಿನ ಕೊನೆಯ ಮೇಜರ್ (ಅಂತರ ಗಾಂಧಾರವಿರುವ) ಸ್ವರಮೇಳದಲ್ಲಿ ಟೆನರ್‌ಗಳು (ಮೇಲಿನ ಗಂಡುದನಿಯವರು) ಆ ಗಾಂಧಾರವನ್ನು ಸರಿಯಾದ ಜಾಗದಲ್ಲಿ ಇಟ್ಟಾಗ, ಯಾರೂ ಹಾಡದ ಮೇಲಿನ ಸ್ವರವೊಂದು ಕೋಣೆಯಲ್ಲಿ ಮೊಳಗಿತು; ಎಲ್ಲರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಕಛೇರಿಯ ದಿನ ಇಪ್ಪತ್ತೆರಡು ನಿಮಿಷ ಹಾಡಿದ ಮೇಲೆ ನಾವು ಇಳಿದದ್ದು ಕಿವಿಗೆ ತಿಳಿಯದಷ್ಟು. ಎರಡನೆಯ ಭಾಗದಿಂದ ಮೂರನೆಯದಕ್ಕೆ ದಾಟುವಾಗ ಶ್ರುತಿಯನ್ನು ಮರಳಿ ಹಿಡಿಸಲು ಇನ್ನೊಂದು ಸಣ್ಣ ಉಪಾಯ ಮಾಡುತ್ತೇನೆ, ಅದು ನಮ್ಮ ವೃಂದದೊಳಗೇ ಇರಲಿ.

ಆ ಎರಡನೆಯ ಭಾಗದಲ್ಲಿ ‘ನಿಷ್ಟ್ಸ್’ ಎಂಬ ಪದ, ಅಂದರೆ ‘ಏನೂ ಇಲ್ಲ’, ಮತ್ತೆ ಮತ್ತೆ ಬರುತ್ತದೆ, ಅವುಗಳ ನಡುವೆ ಬಾಖ್ ಮೌನವನ್ನು ಬರೆದಿದ್ದಾನೆ. ದೊಡ್ಡ ವೃಂದದಲ್ಲಿ 34 ಬಾಯಿಗಳ ಕೊನೆಯ ಸಕಾರಗಳು ಒಂದೊಂದು ಕ್ಷಣಕ್ಕೆ ಬಿದ್ದು ಆ ಮೌನ ಸೋರಿಹೋಗುತ್ತಿತ್ತು. ನಾಲ್ಕು ಸೆಕೆಂಡು ಮೊಳಗುವ ಚರ್ಚಿನಲ್ಲಂತೂ ಅದು ಬುಸುಗುಟ್ಟಿದಂತೆ ಕೇಳಿಸುತ್ತಿತ್ತು. ಈಗ ಪ್ರತಿ ದನಿಯಲ್ಲಿ ಒಬ್ಬರೇ ಆ ಸಕಾರವನ್ನು ಉಚ್ಚರಿಸುತ್ತಾರೆ, ಉಳಿದ ಇಬ್ಬರು ಅದಕ್ಕೆ ಮೊದಲೇ ನಿಲ್ಲಿಸುತ್ತಾರೆ. ಕ್ಯಾಂಟಾಟಾದ ಮೂರನೆಯ ಪದ್ಯದಲ್ಲೂ ಟೆನರ್ ಇದೇ ಪದಕ್ಕೆ ಬಂದಾಗ ಓಡುತ್ತಿದ್ದ ಪಿಟೀಲುಗಳೆಲ್ಲ ಥಟ್ಟನೆ ನಿಲ್ಲುತ್ತವೆ. ಎರಡು ಕೃತಿಗಳನ್ನೂ ಒಂದೇ ಸಂಜೆಗೆ ಇಟ್ಟುಕೊಂಡದ್ದು ಈ ಎರಡು ಮೌನಗಳಿಗಾಗಿ. ಪರದೆ ತೆಗೆದುಹಾಕಿ, ಕೃತಿಗೆ ಮೊದಲು ಆ ಒಂದು ಪದವನ್ನು ಮಾತ್ರ ಸಭೆಗೆ ಹೇಳಿದೆ. ಅಷ್ಟು ಸಾಕಾಯಿತು.

ಹದಿನೈದು ಮಂದಿಯನ್ನು ಸೊಪ್ರಾನೊ, ಆಲ್ಟೊ ಎಂದು ಸಾಲುಗಟ್ಟಿಸದೆ, ಐದೂ ದನಿಗಳಿರುವ ಮೂರು ಗುಂಪುಗಳಾಗಿ ನಿಲ್ಲಿಸಿದೆ. ಪಕ್ಕದವರನ್ನು ಅನುಸರಿಸಿ ಹಾಡುವ ಅಭ್ಯಾಸ ಒಂದು ತಿಂಗಳಲ್ಲಿ ಬಿಟ್ಟುಹೋಯಿತು. ಉಳಿದ ಹತ್ತೊಂಬತ್ತು ಮಂದಿಯ ಬೇಸರವೇ ನಿಜವಾಗಿ ಕಠಿಣವಾಗಿತ್ತು. ಇಬ್ಬರು ವೃಂದವನ್ನೇ ಬಿಡುವ ಮಾತಾಡಿದರು. ಅವರನ್ನು ಸಭೆಯೊಳಗೆ ಅಲ್ಲಲ್ಲಿ ಕೂರಿಸಿದಾಗ ಅವರ ಬೇಸರ, ಸಭಿಕರಿಗೆ ಧಾಟಿ ತಿಳಿಯದಿರುವುದು, ಈ ಎರಡೂ ಗಂಟುಗಳು ಒಟ್ಟಿಗೇ ಬಿಚ್ಚಿಕೊಂಡವು. ಮೋಟೆಟಿನ ಮೊದಲ ಭಾಗಕ್ಕೂ ಹನ್ನೊಂದನೆಯದಕ್ಕೂ ಇರುವುದು ಒಂದೇ ಸಂಗೀತ, ಪದ ಮಾತ್ರ ಬೇರೆ. ಆ ಕೊರಾಲಿಗೆ ಯೋಹಾನ್ ಕ್ರ್ಯೂಗರ್ ಕಟ್ಟಿದ ಧಾಟಿ ಪ ಪ ಮ ಗ ರಿ ಸ ಎಂದು ಸಾಧಾರಣ ಗಾಂಧಾರದಲ್ಲಿ ಸರಳವಾಗಿ ಇಳಿಯುತ್ತದೆ. ಕಛೇರಿಗೆ ಮೊದಲಿನ ಹತ್ತು ನಿಮಿಷದಲ್ಲಿ, ಸುತ್ತ ಕುಳಿತ ನಮ್ಮವರ ಆಸರೆಯಿಂದ, ಸಭಿಕರು ಅದನ್ನು ಕಲಿತುಬಿಟ್ಟರು. 415ರ ಶ್ರುತಿ ಅವರ ಕಂಠಕ್ಕೂ ಅನುಕೂಲವಾಗಿತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ‘ಗುಟೆ ನಾಖ್ಟ್’ ಎಂಬ ಒಂಬತ್ತನೆಯ ಭಾಗದಲ್ಲಿ ಕೊರಾಲನ್ನು ಹಾಡುವ ಆಲ್ಟೊಗಳು ಸಾಲುಗಳ ನಡುವಿನ ವಿರಾಮದಲ್ಲಿ ಲೆಕ್ಕ ತಪ್ಪುತ್ತಿದ್ದರು. ನಮ್ಮ ಪಾಠದಲ್ಲಿ ಮಾಡುವಂತೆ ಬೆರಳೆಣಿಸಿ ತಾಳ ಹಾಕಲು ಕಲಿಸಿದ ಮೇಲೆ ಒಂದು ಪ್ರವೇಶವೂ ತಪ್ಪಲಿಲ್ಲ. ಇಂಗ್ಲಿಷ್ ಸಂಗೀತಕಾರ ಪರ್ಸೆಲ್‌ನ ಎಂಟು ದನಿಗಳ ‘ಹಿಯರ್ ಮೈ ಪ್ರೇಯರ್’ ಅನ್ನು ಚರ್ಚಿನ ನಾಲ್ಕು ಮೂಲೆಗಳಿಂದ ಹಾಡಿಸಿದ್ದು ಮಾತ್ರ ಕೆಟ್ಟಿತು. ಆ ಮೊಳಗಿನಲ್ಲಿ ಯಾರಿಗೂ ಯಾರ ದನಿಯೂ ಸಮಯಕ್ಕೆ ತಲುಪಲಿಲ್ಲ. ಅದರ ಬದಲಿಗೆ ಮೂವತ್ತು ವರ್ಷಗಳ ಯುದ್ಧ ಮುಗಿದ 1648ರಲ್ಲಿ ಅಚ್ಚಾದ, ಜರ್ಮನ್ ಸಂಗೀತಕಾರ ಶ್ಯೂಟ್ಸ್‌ನ ‘ಜೇಲಿಗ್ ಜಿಂಟ್ ಡೀ ಟೋಟೆನ್’ ಇಟ್ಟುಕೊಂಡೆವು.

ಕೊನೆಗೆ ವಾದಕರು ಏಳೇ ಮಂದಿ, ಖರ್ಚು 2,600ರ ಒಳಗೆ. ಟಿಕೆಟ್ ಇಡದೆ ಬಾಗಿಲಲ್ಲಿ ಬುಟ್ಟಿ ಇಟ್ಟೆವು. ಮಧ್ಯಂತರವಿಲ್ಲದ ಎಪ್ಪತ್ತು ನಿಮಿಷಕ್ಕೆ ಇನ್ನೂರನಲವತ್ತು ಮಂದಿ ಬಂದರು, ಒಬ್ಬರೂ ಎದ್ದು ಹೋಗಲಿಲ್ಲ, ಬುಟ್ಟಿಯಲ್ಲಿ 2,900 ಯೂರೋ ಸಿಕ್ಕಿತು. ಹನ್ನೊಂದನೆಯ ಭಾಗ ಬಂದಾಗ ನಾನು ಸಭೆಯ ಕಡೆ ತಿರುಗಿ ಕೈ ಎತ್ತಿದೆ, ಹಾಡು ಎಲ್ಲ ಕಡೆಯಿಂದಲೂ ಬಂತು. ಮೂರನೆಯ ಸಾಲಿನಲ್ಲಿ ಶಾಲೆಯ ಹುಡುಗನೊಬ್ಬ ಕಾಗದ ನೋಡದೆ ಹಾಡುತ್ತಿದ್ದ. ಅವನ ಪಕ್ಕದಲ್ಲಿ ಕುಳಿತಿದ್ದವರು ಆ ಬಾಸ್ ಹಿರಿಯರೇ. ಮುಂದಿನ ವಸಂತದ ಕಛೇರಿಗೆ ಗುಂಪುಗಳನ್ನು ಬದಲಿಸುತ್ತಿದ್ದೇನೆ, ಈ ಬಾರಿ ಸಭೆಯಲ್ಲಿದ್ದ ಹತ್ತು ಮಂದಿ ಒಳಗೆ ಬರುತ್ತಾರೆ. ಬಾಸ್ ಹಿರಿಯರಿಗೂ ಒಳಗೆ ಜಾಗ ಇಟ್ಟಿದ್ದೆ. ಅವರು ಮೂರನೆಯ ಸಾಲಿನ ಕುರ್ಚಿಯನ್ನೇ ಮತ್ತೆ ಕೇಳಿದ್ದಾರೆ.