ಮಲಗಿದಾಗ ನಾರ್ಮಲ್, ನಿಂತರೆ ಎದೆ ಡವಡವ

ಕೋವಿಡ್ ವಾಸಿಯಾಗಿ ಮೂರು ತಿಂಗಳು ಕಳೆದರೂ ಎದ್ದು ನಿಂತರೆ ಎದೆ ಡವಡವ, ತಲೆ ಗಿರ್ ಅನ್ನುವವರ ಇಸಿಜಿ ಬಹಳ ಸಲ ನಾರ್ಮಲ್ ಬರುತ್ತದೆ. ಇಸಿಜಿ ತೆಗೆಯುವುದು ಮಲಗಿಸಿ, ತೊಂದರೆ ಇರುವುದು ನಿಂತಾಗ. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿತಲ್ಲ, ಅಂಥ ಹೊತ್ತಿನಲ್ಲಿ 'ನಾರ್ಮಲ್' ಅಂತ ಹೇಳಿ ಕಳಿಸಿದರೆ ಅವರ ಭಯ ಇನ್ನೂ ಬೆಳೆಯುತ್ತದೆ. ಹಾಗಾಗಿ ಕ್ಲಿನಿಕ್ಕಿನಲ್ಲಿ ನಾನು ಗೋಡೆಗೆ ಒರಗಿಸಿ ನಾಡಿ ನೋಡುತ್ತೇನೆ.

ಎದೆನೋವು, ಕೆಲಸ ಮಾಡುವಾಗ ಪ್ರಜ್ಞೆ ತಪ್ಪುವುದು, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಇದನ್ನು ಮಾಡುವುದಿಲ್ಲ. ಅವತ್ತೇ ಇಸಿಜಿ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್). ಹೃದಯದ ಸ್ನಾಯುವಿಗೇ ಉರಿಯೂತವಾಗಿದ್ದರೆ 3ರಿಂದ 6 ತಿಂಗಳು ಓಟ, ಆಟ, ಭಾರ ಹೊರುವುದು ಬೇಡ.

ಉಳಿದವರನ್ನು 10 ನಿಮಿಷ ಮಲಗಿಸಿ ನಾಡಿ, ಬಿಪಿ ಬರೆದುಕೊಳ್ಳುತ್ತೇನೆ. ಆಮೇಲೆ ಭುಜ ಗೋಡೆಗೆ, ಹಿಮ್ಮಡಿ ಗೋಡೆಯಿಂದ ಆರು ಇಂಚು ಮುಂದೆ ಇಟ್ಟು ನಿಲ್ಲಿಸಿ, 10 ನಿಮಿಷ ಪ್ರತಿ ನಿಮಿಷವೂ ಮತ್ತೆ ಬರೆಯುತ್ತೇನೆ. ಬಿಪಿ ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಬಡಿತಕ್ಕೂ ಹೆಚ್ಚು ಏರಿ ಅಲ್ಲೇ ನಿಂತರೆ (ಹದಿಹರೆಯದವರಲ್ಲಿ 40) ಅದು ನಿಂತಾಗ ನಾಡಿ ವಿಪರೀತ ಏರುವ ತೊಂದರೆಯಾದ ಪಾಟ್ಸ್‌ನ ಲಕ್ಷಣ. ಮೇಲಿನ ಬಿಪಿ 20 ಇಳಿದರೆ ಅದು ಬೇರೆಯೇ ಕಥೆ, ಮೊದಲು ಬಿಪಿ ಮಾತ್ರೆಗಳನ್ನು ನೋಡಬೇಕು.

ತಪ್ಪಾಗುವುದು ಸಣ್ಣ ಸಣ್ಣ ಕಡೆ. ನಿಂತವರು ಸುಮ್ಮನಿರದೆ ಕಾಲು ಬದಲಿಸುತ್ತಾರೆ. ಮೀನಖಂಡ ಬಿಗಿದ ತಕ್ಷಣ ರಕ್ತ ಮೇಲಕ್ಕೆ ಹೋಗಿ ನಾಡಿ ಇಳಿದುಬಿಡುತ್ತದೆ. ನಮ್ಮ ಮಲೆನಾಡಿನ ಚಳಿಯಲ್ಲಿ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಸರಿಯಾಗಿ ಓದುವುದಿಲ್ಲ, ಅಂಗೈ ಉಜ್ಜಿ ಬಿಸಿ ಮಾಡಿ ಹಾಕಬೇಕು. ಕಾಫಿ ಕುಡಿದು ಬಂದವರನ್ನು ಮರುದಿನ ಬೆಳಿಗ್ಗೆ ಬರಹೇಳುತ್ತೇನೆ, ಕಾಫಿ ಸೀಮೆಯಲ್ಲಿ ಇದು ದಿನದ ಮಾತು. ರಕ್ತಹೀನತೆ, ಥೈರಾಯ್ಡ್ ಕೂಡ ಹೀಗೇ ತೋರುವುದರಿಂದ ಹಿಮೋಗ್ಲೋಬಿನ್, ಟಿಎಸ್‌ಎಚ್ ನೋಡದೆ ಹೆಸರಿಡುವುದಿಲ್ಲ.

ಪಾಟ್ಸ್ ಅಂತ ಗೊತ್ತಾದವರಿಗೆ ಹೇಳುವುದಿಷ್ಟು: ಹಾಸಿಗೆಯಿಂದ ಏಳುವ ಮುನ್ನ ಅರ್ಧ ಲೀಟರ್ ನೀರು, ದಿನಕ್ಕೆ 2ರಿಂದ 3 ಲೀಟರ್. ಬಿಪಿ, ಕಿಡ್ನಿ ತೊಂದರೆ, ಹೃದಯ ವೈಫಲ್ಯ ಇಲ್ಲದವರಿಗೆ ಮಾತ್ರ ಗಂಜಿ, ಮಜ್ಜಿಗೆಗೆ ಉಪ್ಪು ಜಾಸ್ತಿ. ಮೊಣಕಾಲವರೆಗಿನ ಬಿಗಿ ಸಾಕ್ಸ್‌ಗಿಂತ ಹೊಟ್ಟೆವರೆಗೆ ಬರುವುದು ಒಳ್ಳೆಯದು, ರಕ್ತ ಹೊಟ್ಟೆಯಲ್ಲೂ ನಿಲ್ಲುತ್ತದೆ. ವ್ಯಾಯಾಮ ಮಲಗಿಯೇ ಶುರು: ಕಾಲೆತ್ತುವುದು, ಐದು ನಿಮಿಷ. ಮರುದಿನ ಮೈ ಕುಸಿದಂತಾದರೆ ಅಲ್ಲಿಗೇ ನಿಲ್ಲಿಸಿ, ಪೂರಾ ಚೇತರಿಸಿಕೊಂಡ ಮೇಲೆ ಎರಡೇ ನಿಮಿಷದಿಂದ ಮತ್ತೆ ಮಾಡಿಸುತ್ತೇನೆ.