ಶಾಲೆ ನೋಡಿ ಬಡಾವಣೆ ಆರಿಸಿ

ಬೆಂಗಳೂರಿಗೆ ಸಂಸಾರ ಸಮೇತ ಬರುವವರು ಸಾಮಾನ್ಯವಾಗಿ ಮೊದಲು ಮನೆ ಗೊತ್ತುಮಾಡಿ ಆಮೇಲೆ ಶಾಲೆಗಾಗಿ ಅಲೆಯುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಲೇಸು. ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯಂತಹ ಹೊರವಲಯಗಳಲ್ಲಿ ಎರಡು ಮೂರು ಶಾಲೆಗಳನ್ನು ಗುರುತಿಸಿ, ಪಠ್ಯಕ್ರಮ ರಾಜ್ಯದ್ದೋ ಸಿಬಿಎಸ್‌ಇಯೋ ಐಸಿಎಸ್‌ಇಯೋ ಎಂದು ವಿಚಾರಿಸಿ, ಮಾನ್ಯತಾ ಪತ್ರವನ್ನು ಕಣ್ಣಾರೆ ನೋಡಿರಿ. ಫಲಕದ ಮೇಲೆ ಸಿಬಿಎಸ್‌ಇ ಎಂದು ಬರೆದ ಮಾತ್ರಕ್ಕೆ ಆ ಮಂಡಳಿಯ ಸಂಯೋಜನೆ (ಅಫಿಲಿಯೇಷನ್) ದೊರೆತಿದೆ ಎಂದಲ್ಲ. ಮಂಡಳಿಯ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿದರೆ ನಿಜ ತಿಳಿಯುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕಾದ್ದರಿಂದ, ಹೊರರಾಜ್ಯದಲ್ಲಿ ಓದಿದ ಮಗುವಿಗೆ ಆರಂಭದಲ್ಲಿ ಯಾವ ನೆರವು ಸಿಗುತ್ತದೆ ಎಂಬುದನ್ನೂ ಕೇಳಬೇಕು.

ಬಡಾವಣೆಯನ್ನು ಭಾನುವಾರ ನೋಡಿ ಮಾರುಹೋಗಬೇಡಿ. ಕೆಲಸದ ದಿನ ಬೆಳಿಗ್ಗೆ 7.30ಕ್ಕೆ ಮನೆಯಿಂದ ಶಾಲೆಯವರೆಗೆ ಒಮ್ಮೆ ಹೋಗಿಬಂದರೆ, ನಕ್ಷೆಯಲ್ಲಿ ನಾಲ್ಕು ಕಿಲೋಮೀಟರ್ ಎಂದು ಕಂಡದ್ದರ ನಿಜರೂಪ ಗೊತ್ತಾಗುತ್ತದೆ. ತಂದೆತಾಯಿಯರ ಕಚೇರಿ ದೂರವಿದ್ದರೆ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೊ ನೇರಳೆ ಮಾರ್ಗದ ನಿಲ್ದಾಣವೊಂದರ ಸಮೀಪ ಮನೆ ಹುಡುಕಬಹುದು. ಕಾವೇರಿ ನೀರು ಬರುತ್ತದೆಯೋ, ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿಯೋ ಎಂಬುದನ್ನು ಮಾಲೀಕರಿಗಿಂತ ನೆರೆಯವರನ್ನು ಕೇಳುವುದು ವಾಸಿ. ಮುಂಗಡ ಕೊಡುವ ಮುನ್ನ ಶಾಲೆಯಲ್ಲಿ ಆ ತರಗತಿಗೆ ಸೀಟು ಖಾಲಿಯಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.